ಕೋಟೆಯ ಹೊರಗೊಂದು ಕೋಣೆ

ಮುಲುಂಡ್, ಮುಂಬೈ

ಚಿ. ಶ್ರೀದೇವಿಗೆ ಆಶೀರ್ವಾದಗಳು.

ಭಾನುವಾರ ನೀನು ಮಾತಿನ ನಡುವೆಯೇ ಫೋನ್ ಇಟ್ಟ ಮೇಲೆ ಮತ್ತೆ ಕರೆ ಮಾಡಲು ನನಗೂ ಮನಸ್ಸಾಗಲಿಲ್ಲ. ಜೈಸಲ್ಮೇರಿಗೆ ಹೋಗಲು ಆಯಿ ಬಿಡುತ್ತಿಲ್ಲವೆಂದು ಅಪ್ಪನ ಹತ್ತಿರ ದೂರಿದೆಯಂತೆ. ಹೋಗಬೇಡವೆಂದು ನಾನು ಹೇಳಿಲ್ಲ. ಕೋಟೆಯೊಳಗೆ, ಅದರಲ್ಲೂ ಬುರುಜಿಗೆ ತಾಗಿಕೊಂಡಿರುವ ಕೋಣೆಯಲ್ಲಿ ತಂಗಬೇಡವೆಂದೆ. ಗೆಳತಿಯರು ಕೇಳಿಸಿಕೊಳ್ಳುತ್ತಿರುವಾಗ ದನಿ ಏರಿಸಿದ್ದಕ್ಕೆ ಬೇಸರಪಟ್ಟುಕೊಳ್ಳಬೇಡ. ಆದರೆ ಮಾತನ್ನು ಹಿಂದೆ ತೆಗೆದುಕೊಳ್ಳುವುದಿಲ್ಲ. ನೀನು ಹೇಳಗೊಡದ ಕಾರಣವನ್ನು ಇಲ್ಲಿ ಬರೆಯುತ್ತಿದ್ದೇನೆ.

‘ನಿನಗೆ ಎಲ್ಲಿ ನೋಡಿದರೂ ಬಿರುಕೇ ಕಾಣುತ್ತದೆ’ ಎಂದೆಯಲ್ಲ, ಅದು ನಿಜ. ಮೂವತ್ತು ವರ್ಷ ದಾಟಿದ ಕಟ್ಟಡಗಳಿಗೆ ಸ್ಟ್ರಕ್ಚರಲ್ ಆಡಿಟ್ ಮಾಡಿಸಲೇಬೇಕಾದ ಈ ಊರಿನಲ್ಲಿ ಅದನ್ನೇ ಉದ್ಯೋಗ ಮಾಡಿಕೊಂಡವಳಿಗೆ ಬೇರೇನು ಕಂಡೀತು? ಘಾಟ್ಕೋಪರಿನ ಆ ಹಳೆಯ ಕಟ್ಟಡದ ಹಿಂಗೋಡೆ ಈಗಲೂ ನನ್ನ ಕಣ್ಣಿಗೆ ಕಟ್ಟಿದಂತಿದೆ. ಬಚ್ಚಲುಮನೆಯ ಪೈಪು ಒಳಗೊಳಗೇ ಸೋರಿ, ಸುಣ್ಣದ ಮೇಲೆ ಅಂಗೈ ಅಗಲದ ತೇವದ ಗುರುತು ಮೂಡಿತ್ತು. ಸುತ್ತಿಗೆಯಿಂದ ತಟ್ಟಿದರೆ ಪ್ಲಾಸ್ಟರು ಟೊಳ್ಳು ಸದ್ದು ಮಾಡುತ್ತಿತ್ತು. ಬಿರುಕು ಇನ್ನೂ ಬೆಳೆಯುತ್ತಿದೆಯೇ ಎಂದು ತಿಳಿಯಲು ಅದರ ಮೇಲೆ ಅಡ್ಡಲಾಗಿ ತೆಳುವಾದ ಗಾಜಿನ ಪಟ್ಟಿಯೊಂದನ್ನು ಕೂರಿಸಿ, ಎರಡೂ ತುದಿಗೆ ಗಾರೆ ಮೆತ್ತಿ ಬಂದಿದ್ದೆ. ಗೋಡೆ ಕೂದಲೆಳೆಯಷ್ಟು ಸರಿದರೂ ಆ ಗಾಜು ತಡೆಯುವುದಿಲ್ಲ. ಮರುದಿನ ಹೋದಾಗ ಅದು ಸರಿಯಾಗಿ ಮಧ್ಯದಲ್ಲಿ ಸೀಳಿತ್ತು. ಆ ಮನೆಯಾಕೆ ಅದರ ಪಕ್ಕದಲ್ಲೇ ಮೊಳೆ ಹೊಡೆದು ಮಗುವಿನ ಸ್ವೆಟರ್ ತೂಗುಹಾಕಿದ್ದಳು. ‘ಗೋಡೆಗೇನಾಗಿದೆ ತಾಯಿ, ಗಟ್ಟಿಯಾಗಿಯೇ ಇದೆಯಲ್ಲ’ ಎಂದು ಚಹಾ ಕೊಟ್ಟಳು. ಸೀಳಿದ ಗಾಜನ್ನು ಬೆರಳಿಟ್ಟು ತೋರಿಸಿದರೂ ಆಕೆಗೆ ನಂಬಿಕೆ ಬರಲಿಲ್ಲ. ನಂಬುವಂತೆ ಇನ್ನು ಹೇಗೆ ಹೇಳಬಹುದಿತ್ತು ಎಂದು ಈಗಲೂ ಯೋಚಿಸುತ್ತೇನೆ. ಮುಂದೆ ಏನಾಯಿತೆಂಬುದು ನಿನಗೂ ಗೊತ್ತಿದೆ, ಅದನ್ನು ಬರೆಯುವುದಿಲ್ಲ.

ನೀನು ಕಳಿಸಿದ ಫೋಟೋದಲ್ಲಿ ಕೋಣೆಯ ಕಿಟಕಿಯ ಕೆಳಗೆ ಅಂಥದೇ ಗುರುತಿದೆ. ಹಳದಿ ಕಲ್ಲಿನ ಮೇಲೆ ಅದು ನಿನಗೆ ನೆರಳಿನಂತೆ ಕಂಡಿರಬಹುದು. ಹಿಗ್ಗಿಸಿ ನೋಡು.

ಆ ಕೋಟೆಯ ಕಥೆಯೇ ನೀರಿನ ಕಥೆ. ರಾವಲ್ ಜೈಸಲ 1156ರಲ್ಲಿ ತ್ರಿಕೂಟ ಬೆಟ್ಟದ ಮೇಲೆ ಅದನ್ನು ಕಟ್ಟಿಸಲು ತೊಡಗಿದಾಗ ಅಲ್ಲಿ ನೀರಿನ ಹೆದರಿಕೆಯೇ ಇರಲಿಲ್ಲ. ಇಡೀ ವರ್ಷಕ್ಕೆ ಅಲ್ಲಿ ಬೀಳುವ ಮಳೆ ಸುಮಾರು 200 ಮಿಲಿಮೀಟರ್. 2005ರ ಜುಲೈ 26ರಂದು ನಮ್ಮ ಸಾಂತಾಕ್ರೂಜಿನಲ್ಲಿ ಒಂದೇ ದಿನ 944 ಮಿಲಿಮೀಟರ್ ಸುರಿದಿತ್ತು. ಜೈಸಲ್ಮೇರಿನ ಆ ಸ್ವಲ್ಪ ಮಳೆಯನ್ನೂ ನಾಲ್ಕು ದಿಕ್ಕಿಗೆ ಹೊರಹಾಕಲು ‘ಘೂಟ್ ನಾಲಿ’ ಎಂಬ ಚರಂಡಿಯ ವ್ಯವಸ್ಥೆಯನ್ನು ಕೋಟೆ ಕಟ್ಟಿದವರು ಮಾಡಿದ್ದರು. ಬಳಸುವ ನೀರನ್ನು ಗಡಿಸರ್ ಕೆರೆಯಿಂದ ಹೆಂಗಸರು ತಲೆಯ ಮೇಲೆ ಹೊತ್ತು ತರುತ್ತಿದ್ದರು. ಹಾಗೆ ತಂದ ನೀರನ್ನು ಯಾರೂ ನೆಲಕ್ಕೆ ಸುರಿಯುವುದಿಲ್ಲ. ನಲ್ಲಿ ಬಂದ ಮೇಲೆ, ಅದರ ಹಿಂದೆಯೇ ಅತಿಥಿಗೃಹಗಳೂ ಪ್ರತಿ ಕೋಣೆಗೊಂದು ಶವರೂ ಬಂದ ಮೇಲೆ, ಆ ಲೆಕ್ಕವೆಲ್ಲ ತಲೆಕೆಳಗಾಯಿತು. ಮರಳುಗಲ್ಲಿನ ಅಡಿಯಲ್ಲಿರುವ ಮೆದುವಾದ ಜೇಡಿಯ ಪದರಗಳು ನೀರು ಕುಡಿದು ಉಬ್ಬುತ್ತವೆ, ಒಣಗಿ ಕುಗ್ಗುತ್ತವೆ; ಮೇಲಿನ ಗೋಡೆ ಅವುಗಳ ಜೊತೆಗೆ ಸರಿಯುತ್ತದೆ. ವಿಶ್ವ ಸ್ಮಾರಕ ನಿಧಿಯು ಅಪಾಯದಲ್ಲಿರುವ ತಾಣಗಳ ತನ್ನ ಪಟ್ಟಿಗೆ 1996ರಲ್ಲಿ, ಮತ್ತೆ 1998 ಹಾಗೂ 2000ದಲ್ಲಿ ಈ ಕೋಟೆಯನ್ನು ಸೇರಿಸಿತ್ತು. ರಾಜಸ್ಥಾನದ ಗಿರಿದುರ್ಗಗಳಲ್ಲಿ ಒಂದಾಗಿ 2013ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿತೆಂದು ನೀನು ಹೆಮ್ಮೆಯಿಂದ ಹೇಳಿದೆ. 2024ರ ಆಗಸ್ಟ್‌ನಲ್ಲಿ ಮಳೆ ಹೊಡೆದು ಅದೇ ಕೋಟೆಯ ಗೋಡೆಯ ಒಂದು ಭಾಗ ರಸ್ತೆಗೆ ಕುಸಿಯಿತು.

‘ಹಾಗಾದರೆ ಅಲ್ಲಿ ಇರುವವರು ಎಲ್ಲಿಗೆ ಹೋಗಬೇಕು?’ ಎಂದು ನೀನು ಕೇಳಿದ ಪ್ರಶ್ನೆ ಒಳ್ಳೆಯದು; ಹಾಗೆ ಕೇಳುವ ಮಗಳು ನನ್ನವಳೆಂಬುದು ನನಗೆ ಸಂತೋಷದ ಸಂಗತಿಯೇ. ಸಾವಿರಾರು ಜನ ಇಂದಿಗೂ ಆ ಕೋಟೆಯೊಳಗೆ ಸಂಸಾರ ಮಾಡುತ್ತಿದ್ದಾರೆ. ಅವರ ಮನೆ ಅದು, ಅವರು ಎಲ್ಲಿಗೂ ಹೋಗಬೇಕಾಗಿಲ್ಲ. ಬಾಡಿಗೆಗೆ ಕೋಣೆ ಕೊಡುವವರನ್ನೂ ನಾನು ಬೈಯಲಾರೆ; ಮರುಭೂಮಿಯ ಊರಿನಲ್ಲಿ ಪ್ರವಾಸಿಗಳನ್ನು ಬಿಟ್ಟರೆ ಸಂಪಾದನೆಯ ದಾರಿಗಳು ಎಷ್ಟಿವೆ? ಆದ್ದರಿಂದ ಹಗಲೆಲ್ಲ ಅಲ್ಲೇ ಕಳೆಯಿರಿ. ಅಲ್ಲಿಯ ಗೈಡನ್ನೇ ಕರೆದುಕೊಳ್ಳಿ, ಅಲ್ಲೇ ಊಟ ಮಾಡಿ, ಕೇರ್ ಸಾಂಗ್ರಿಯ ಪಲ್ಯವನ್ನೂ ಘೋಟುವಾ ಲಾಡುವನ್ನೂ ಅಲ್ಲೇ ಕೊಳ್ಳಿ. ಸ್ನಾನ, ಬಟ್ಟೆ ಒಗೆತ, ರಾತ್ರಿಯ ನಿದ್ದೆ ಮಾತ್ರ ಬೆಟ್ಟದ ಕೆಳಗಿರಲಿ. ಕೆಳಗಿನ ಹೊಟೇಲುಗಳ ಮಾಳಿಗೆಯಿಂದ 99 ಬುರುಜುಗಳ ಕೋಟೆ ಇಡಿಯಾಗಿ ಕಾಣುತ್ತದೆ. ಒಳಗೆ ಮಲಗಿದವರಿಗೆ ಆ ನೋಟ ಎಲ್ಲಿಂದ ಬರಬೇಕು?

ಒಳಗಿನ ಜೈನ ದೇವಾಲಯಗಳನ್ನು ಬೆಳಗಿನ ಹೊತ್ತು ನೋಡಿ. ಅಲ್ಲಿಯ ಜ್ಞಾನಭಂಡಾರದಲ್ಲಿ ಶತಮಾನಗಳ ಹಿಂದಿನ ತಾಳೆಗರಿಯ ಹಸ್ತಪ್ರತಿಗಳಿವೆ. ಅವನ್ನು ಇರಿಸಿರುವುದು ನೆಲಮಾಳಿಗೆಯಲ್ಲಿ. ನಮ್ಮ ಶಿರಸಿಯ ಮನೆಯ ಅಟ್ಟದಲ್ಲಿದ್ದ ತಾಳೆಗರಿಗಳನ್ನು ಮಳೆಗಾಲದ ತೇವ ಏನು ಮಾಡಿತೆಂದು ನೋಡಿದವಳು ನಾನು. ಮರುಭೂಮಿಯ ಒಣಹವೆಯಲ್ಲಿ ಉಳಿದುಕೊಂಡ ಆ ಗರಿಗಳ ಸುತ್ತಲಿನ ನೆಲಕ್ಕೆ ನಮ್ಮಂಥವರ ಶವರಿನ ನೀರು ಇಳಿಯುವುದೆಂದರೆ ನನಗೆ ಒಂಥರಾ ಸಂಕಟ. ಇದು ಪಾಠವಾಯಿತೆಂದು ನಗುತ್ತೀಯೆ. ನಗು.

ಉಳಿದ ಯೋಜನೆ ಚೆನ್ನಾಗಿದೆ. ಬಾಂದ್ರಾ ಟರ್ಮಿನಸ್‌ನಿಂದ ಸೂರ್ಯನಗರಿ ರೈಲು ಹಿಡಿದು ಜೋಧಪುರಕ್ಕೆ ಹೋಗುವುದು, ಅಲ್ಲಿ ಮೆಹರಾನ್‌ಗಢ ಕೋಟೆ ನೋಡಿಕೊಂಡು ಮುಂದೆ ಸಾಗುವುದು, ಪಟವಾ ಹವೇಲಿಗಳಿಗೆ ಅರ್ಧ ದಿನವನ್ನೇ ಮೀಸಲಿಟ್ಟಿರುವುದು, ಇದೆಲ್ಲ ನಾನು ಮಾಡಿದ್ದರೂ ಇಷ್ಟು ಅಚ್ಚುಕಟ್ಟಾಗಿ ಆಗುತ್ತಿರಲಿಲ್ಲ. ಸ್ವಂತ ಸಂಬಳದಲ್ಲಿ, ಯಾರ ಮುಂದೂ ಕೈಚಾಚದೆ ಹೊರಟಿರುವೆಯೆಂದು ನಿನ್ನ ಅಪ್ಪ ಸೊಸೈಟಿಯ ಮಂದಿಗೆಲ್ಲ ಹೇಳಿಕೊಂಡು ತಿರುಗುತ್ತಿದ್ದಾರೆ. ನಾನೂ ಇಬ್ಬರಿಗೆ ಹೇಳಿದ್ದೇನೆ. ಸಮ್‌ನ ಮರಳುದಿಬ್ಬಗಳು ಊರಿನಿಂದ ಸುಮಾರು 40 ಕಿಲೋಮೀಟರ್ ದೂರ. ಡಿಸೆಂಬರಿನಲ್ಲಿ ಸೂರ್ಯ ಮುಳುಗಿದ್ದೇ ಚಳಿ ಕಡಿಯತೊಡಗುತ್ತದೆ. ಪುಣೆಯ ಚಳಿಗೆ ಹಾಕುವ ಆ ತೆಳ್ಳನೆಯ ಜಾಕೆಟ್ ಸಾಲದು. ಜೀಪಿನವನು ದಿಬ್ಬದ ಮೇಲೆ ಹಾರಿಸಿ ತೋರಿಸುತ್ತೇನೆಂದರೆ ಹತ್ತಬೇಡಿ, ಕೂಸೇ. ಕತ್ತಲಾಗುವ ಮೊದಲು ಒಂದು ಮೆಸೇಜ್ ಹಾಕು, ಉದ್ದವಾಗಿ ಬರೆಯಬೇಕೆಂದಿಲ್ಲ.

ಕೋಣೆ ರದ್ದು ಮಾಡಿದರೆ ಮುಂಗಡ ವಾಪಸು ಬರುವುದಿಲ್ಲವೆಂದು ನೀನು ಹೇಳಿದ್ದೆ. ಎಷ್ಟಾಗುತ್ತದೆಂದು ತಿಳಿಸು, ನಿನ್ನ ಗೆಳತಿಯರ ಪಾಲೂ ಸೇರಿದಂತೆ ಅಷ್ಟನ್ನೂ ನಾನು ಕಳಿಸುತ್ತೇನೆ. ಅಪ್ಪನಿಗೆ ಹೇಳಬೇಕಾಗಿಲ್ಲ.

ಇಂತಿ,
ನಿನ್ನ ಆಯಿ