ಬ್ಯಾರೆಲ್ ಬದಲಿಸುವ ಮುಂಚೆ ಗೇಜ್ ಕೊಳ್ಳಿ

ಸಂಪಾದಕರೇ,

ಬೋಲ್ಟ್ ಆ್ಯಕ್ಷನ್ ರೈಫಲ್‌ನ (ಬೋಲ್ಟ್ ಎಂಬ ಅಗುಳಿಯನ್ನು ಕೈಯಿಂದ ಎಳೆದು ತಳ್ಳಿ ಗುಂಡು ತುಂಬುವ ಬಂದೂಕಿನ) ಬ್ಯಾರೆಲ್ ಮನೆಯಲ್ಲೇ ಬದಲಿಸಬಹುದು, ಬಂದೂಕು ರಿಪೇರಿಯವರಿಗೆ ಸುಮ್ನೆ ಯಾಕೆ ದುಡ್ಡು ಅನ್ನುವವರು ಜಾಸ್ತಿಯಾಗಿದ್ದಾರೆ. ಅದು ಅರ್ಧ ನಿಜ.

1958ರಲ್ಲಿ ಬಂದ ಸ್ಯಾವೇಜ್ 110 ರೈಫಲ್‌ನಲ್ಲಿ ಬ್ಯಾರೆಲ್ ಹಿಡಿಯಲು ಒಂದು ನಟ್ ಇರುತ್ತದೆ. ಅದನ್ನು ಸಡಿಲಿಸಿ, ಹೊಸ ಬ್ಯಾರೆಲ್ ತಿರುಗಿಸುತ್ತಾ ಹೆಡ್‌ಸ್ಪೇಸ್ (ಗುಂಡು ಕೂರುವ ಅಂತರ, ಮುಂದೆ ಹೇಳುತ್ತೇನೆ) ಹೊಂದಿಸಿ, ಮತ್ತೆ ಬಿಗಿ ಮಾಡಿದರಾಯಿತು. ವೈಸ್, ಸರಿಯಾದ ಸ್ಪ್ಯಾನರ್, ತಾಳ್ಮೆ ಇದ್ದರೆ ಮನೆಯಲ್ಲೇ ಆಗುವ ಕೆಲಸ. ರೆಮಿಂಗ್ಟನ್ 700 ರೈಫಲ್ ಹಾಗಲ್ಲ. ಅದರಲ್ಲಿ ನಟ್ ಇಲ್ಲ, ಹೊಂದಿಸುವ ಅವಕಾಶವೂ ಇಲ್ಲ, ಆದ್ದರಿಂದ ಅದೇ ಆ್ಯಕ್ಷನ್‌ಗೆ (ಬೋಲ್ಟ್ ಮತ್ತು ಅದು ಓಡಾಡುವ ಭಾಗಕ್ಕೆ) ಅಳತೆ ಮಾಡಿ ಮೊದಲೇ ಕತ್ತರಿಸಿದ ಬ್ಯಾರೆಲ್ ಸಿಗದಿದ್ದರೆ ಲೇತ್, ಗುಂಡು ಕೂರುವ ತೂತು ಕೊರೆಯುವ ರೀಮರ್ ಎಲ್ಲಾ ಬೇಕು. ಒಂದೇ ಬ್ಯಾರೆಲ್‌ಗೆ ಲೇತ್ ಕೊಳ್ಳುವವರು ಯಾರು?

ನನಗೆ ಸಿಟ್ಟು ಬರೋದು ಗೇಜ್ ವಿಷಯಕ್ಕೆ. ಹೆಡ್‌ಸ್ಪೇಸ್ ಅಂದರೆ ಬೋಲ್ಟ್‌ನ ಮುಖದಿಂದ ಚೇಂಬರ್‌ನಲ್ಲಿ (ಬ್ಯಾರೆಲ್‌ನ ಹಿಂತುದಿಯಲ್ಲಿ ಗುಂಡು ಕೂರುವ ಜಾಗದಲ್ಲಿ) ಕಾಟ್ರಿಜ್, ಅಂದರೆ ಪೂರ್ತಿ ಗುಂಡು, ತಡೆದು ನಿಲ್ಲುವ ಜಾಗದವರೆಗಿನ ಅಂತರ. ಅದನ್ನು ನೋಡಲು ಗುಂಡಿನ ಜಾಗದಲ್ಲಿಡುವ ಅಳತೆಯ ಲೋಹದ ತುಂಡೇ ಗೇಜ್. ಗಿಡ್ಡದಾದ ಗೋ ಗೇಜ್ ಇಟ್ಟಾಗ ಬೋಲ್ಟ್ ಮುಚ್ಚಬೇಕು, ತುಸು ಉದ್ದದ ನೋ-ಗೋ ಇಟ್ಟಾಗ ಮುಚ್ಚಬಾರದು. ಇದನ್ನೇ ನೋಡದೆ "ಗುಂಡು ಕೂರುತ್ತಲ್ಲ, ಸಾಕು" ಅನ್ನುತ್ತಾರೆ! .308 ವಿಂಚೆಸ್ಟರ್ ಎಂಬ ಗುಂಡಿನ ಗರಿಷ್ಠ ಒತ್ತಡ 62,000 ಪಿಎಸ್‌ಐ (ಚದರ ಇಂಚಿಗೆ ಪೌಂಡ್), ಅಂತರ ಜಾಸ್ತಿಯಾದರೆ ಗುಂಡಿನ ಲೋಹದ ಕೇಸ್ ಹರಿದು ಬಿಸಿ ಗ್ಯಾಸ್ ಮುಖದ ಕಡೆಗೇ ನುಗ್ಗಬಹುದು.

ಇನ್ನೊಂದು ಮಾತು. ಹಳೇ ಬ್ಯಾರೆಲ್ ಕೆಲವೊಮ್ಮೆ ಜಪ್ಪಯ್ಯ ಅಂದರೂ ಬಿಡುವುದಿಲ್ಲ. ನಾನೂ ಒಮ್ಮೆ ಉದ್ದದ ಪೈಪ್ ಸಿಕ್ಕಿಸಿ ಎಳೆಯಲು ಹೋಗಿ, ರಿಸೀವರ್ (ಬ್ಯಾರೆಲ್ ಕೂರುವ ಚೌಕಟ್ಟು) ತಿರುಚಿಕೊಂಡರೆ ಏನು ಗತಿ ಎಂದು ಹೆದರಿ, ತೆಪ್ಪಗೆ ರಿಪೇರಿಯವರ ಹತ್ತಿರ ಹೊತ್ತುಕೊಂಡು ಹೋದೆ. ಅವರು ಬಿಚ್ಚಿದ್ದು ಹತ್ತೇ ನಿಮಿಷದಲ್ಲಿ.

ಇಂತಿ,
ಒಬ್ಬ ಓದುಗ