ಕೈಗೆ ಕೆಲಸ ಇಲ್ಲದ ವಾರ್ಡು

ಚಿ. ಪುಟ್ಟಿಗೆ ದೊಡ್ಡಮ್ಮನ ಆಶೀರ್ವಾದಗಳು.

ನಾವಿಲ್ಲಿ ಕ್ಷೇಮ. ಮಳೆ ಹಿಡಿದ ಮೇಲೆ ದೊಡ್ಡಪ್ಪನ ಮಂಡಿನೋವು ಜಾಸ್ತಿಯಾಗಿದೆ. ಆದರೂ ಸಂಜೆಯ ವಾಕಿಂಗ್ ಬಿಟ್ಟಿಲ್ಲ.

ಮೊನ್ನೆ ನಿಮ್ಮಮ್ಮ ಫೋನ್ ಮಾಡಿದ್ದಳು. "ಅಕ್ಕಾ, ಮಗೂನ ನರ್ಸಿಂಗ್ ಟ್ರೈನಿಂಗ್‌ಗೆ ಹುಚ್ಚರ ವಾರ್ಡಿಗೆ ಹಾಕಿದಾರಂತೆ. ಬಳ್ಳಾರೀಲಿ ಗೊತ್ತಿರೋರು ಯಾರಾದ್ರೂ ಇದ್ರೆ ಹೇಳಿ ತಪ್ಪಿಸು" ಅಂದಳು. ಮೂವತ್ತೊಂದು ವರ್ಷ ಅಂಥದೇ ವಾರ್ಡಿನ ಸಂಬಳದಲ್ಲಿ ಮನೆ ನಡೆಸಿದವಳ ಹತ್ತಿರ ಹೇಳುವ ಮಾತಾ ಅದು! ಬೈಯಬೇಕು ಅನ್ನಿಸಿತು, ಬೈಯಲಿಲ್ಲ. ಆಮೇಲೆ ನೀನು ಫೋನ್ ಮಾಡಿದಾಗ ಹೇಳಿದೆಯಲ್ಲ, "ಭಯ ಏನಿಲ್ಲ ದೊಡ್ಡಮ್ಮ, ಆದ್ರೆ ಅಲ್ಲಿ ಕೈಗೆ ಕೆಲಸಾನೇ ಇಲ್ವಂತೆ. ಡ್ರೆಸ್ಸಿಂಗ್ ಇಲ್ಲ, ಡ್ರಿಪ್ ಇಲ್ಲ. ಸುಮ್ನೆ ಕೂತು ಮಾತಾಡೋದಂತೆ" ಅಂತ. ಆ ಮಾತು ಎರಡು ದಿನದಿಂದ ತಲೆಯಲ್ಲೇ ಕೂತಿದೆ. ಫೋನಿನಲ್ಲಿ ಹೇಳಿದರೆ ಅರ್ಧ ನಾನು ಮರೆಯುತ್ತೇನೆ, ಅರ್ಧ ನೀನು. ಅದಕ್ಕೇ ಈ ಕಾಗದ.

1986ರಲ್ಲಿ ನಾನು ಕೆಲಸಕ್ಕೆ ಸೇರಿದಾಗ ನನಗೂ ಹಾಗೇ ಅನ್ನಿಸಿತ್ತು. ಮೊದಲ ವಾರ ಬೆಡ್‌ಶೀಟ್ ಎಳೆದು ಕಟ್ಟುವುದೇ ಕೆಲಸ ಅಂತ ಮಾಡಿಕೊಂಡಿದ್ದೆ. ನಮ್ಮ ಇನ್‌ಚಾರ್ಜ್ ಸಿಸ್ಟರ್ ನನ್ನನ್ನು ಕರೆದು, ಕಿಟಕಿ ಪಕ್ಕದ ಹಾಸಿಗೆಯ ಒಬ್ಬ ಹೆಂಗಸನ್ನು ತೋರಿಸಿದರು. ಮಳವಳ್ಳಿ ಕಡೆಯವರು. ಬಂದು ಎರಡು ವಾರವಾದರೂ ಬಾಯಿ ಬಿಟ್ಟಿರಲಿಲ್ಲ. "ದಿನಾ ಹತ್ತು ನಿಮಿಷ ಅವರ ಪಕ್ಕ ಕೂತ್ಕೋ. ಪ್ರಶ್ನೆ ಕೇಳಬೇಡ. ಹತ್ತು ನಿಮಿಷ ಕೂತಿರ್ತೀನಿ ಅಂತ ಹೇಳು, ಕೂತ್ಕೋ, ನಾಳೆ ಬರ್ತೀನಿ ಅಂತ ಹೇಳಿ ಏಳು" ಅಂದರು. ಕೂತೆ. ಅಷ್ಟು ಉದ್ದದ ಹತ್ತು ನಿಮಿಷ ನಾನು ಕಂಡಿರಲಿಲ್ಲ. ಒಂಬತ್ತನೇ ದಿನ ಅತ್ತ ಕಡೆ ಯಾರೋ ಕರೆದರು ಅಂತ ಬೇಗ ಎದ್ದೆ. ಆ ಹೆಂಗಸು ಗೋಡೆ ಗಡಿಯಾರ ನೋಡಿ, "ಹತ್ತು ನಿಮಿಷ ಆಗಿಲ್ಲ" ಅಂದರು.

ಅವರ ಮೊದಲ ಮಾತು ಅದು. ಅಂದರೆ ಅಷ್ಟೂ ದಿನ ಅವರು ಎಣಿಸುತ್ತಿದ್ದರು, ಅಲ್ವಾ? ಮರಳಿ ಕೂತೆ. ನಮ್ಮ ಮಾತು ನಿಲ್ಲುತ್ತದೋ ಇಲ್ಲವೋ ಅಂತ ರೋಗಿಗಳು ನೋಡುತ್ತಲೇ ಇರುತ್ತಾರೆ. ಐದು ನಿಮಿಷಕ್ಕೆ ಬರುತ್ತೇನೆ ಅಂದರೆ ಐದು ನಿಮಿಷಕ್ಕೆ ಬಾ. ಬರಲಾಗದಿದ್ದರೆ ಹೇಳಲೇ ಬೇಡ.

ಇನ್ನು ಮಾತು. ನಿನಗೆ ಪ್ರೊಸೆಸ್ ರೆಕಾರ್ಡಿಂಗ್ ಬರೆಯಲು ಕೊಡುತ್ತಾರೆ. ರೋಗಿ ಏನಂದರು, ನೀನು ಏನಂದೆ, ಆಗ ನಿನ್ನೊಳಗೆ ಏನಾಯಿತು ಅಂತ ಇದ್ದದ್ದು ಇದ್ದ ಹಾಗೆ ಬರೆಯುವುದು. ಹುಡುಗಿಯರು ರಾತ್ರಿ ಹಾಸ್ಟೆಲ್‌ನಲ್ಲಿ ಕೂತು ಚೆಂದ ಮಾಡಿ ಬರೆದುಬಿಡುತ್ತಾರೆ. ನೀನು ಹಾಗೆ ಮಾಡಬೇಡ. ನೀನು ಎಲ್ಲಿ ಹೆದರಿ ಮಾತು ಬದಲಿಸಿದೆ, ಎಲ್ಲಿ "ಎಲ್ಲಾ ಸರಿಹೋಗತ್ತೆ ಬಿಡಿ" ಅಂತ ತೇಲಿಸಿದೆ ಅನ್ನುವುದು ಕಾಣುವುದು ಅದರಲ್ಲೇ.

ನಿನ್ನದು ಮೈಸೂರು ಕಿವಿ. ಅಲ್ಲಿಯವರ ಮಾತು ಬೇರೆ. "ಮನಸ್ಸಿಗೆ ಬೇಜಾರು" ಅಂತ ಯಾರೂ ಬಂದು ಹೇಳುವುದಿಲ್ಲ. "ಎದಿ ಉರೀತೈತ್ರೀ", "ಕೈಕಾಲು ಸೋತಾವ್ರೀ", "ನಿದ್ದಿ ಹತ್ತಂಗಿಲ್ರೀ" ಅನ್ನುತ್ತಾರೆ. ತೆಲುಗಿನವರೂ ಇರುತ್ತಾರೆ. ಅವರಂದದ್ದನ್ನು ಅವರ ಮಾತಿನಲ್ಲೇ ಬರೆದುಕೋ. ಡಿಪ್ರೆಷನ್ ಅಂತ ಹೆಸರಿಡುವುದು ಆಮೇಲಿನ ಕೆಲಸ. ನೋಟ್ಸ್‌ನಲ್ಲಿ "ರಾತ್ರಿ ಚೆನ್ನಾಗಿ ಮಲಗಿದರು" ಅಂತ ಬರೆಯುವವರನ್ನು ಕಂಡರೆ ನನಗೆ ಈಗಲೂ ಸಿಟ್ಟು ಬರುತ್ತದೆ. ಹನ್ನೊಂದಕ್ಕೆ ಮಲಗಿದರಾ, ಮೂರಕ್ಕೆ ಎದ್ದು ಕೂತರಾ? ಬೆಳಗಿನ ಜಾವ ಎಚ್ಚರವಾಗಿ ಮತ್ತೆ ನಿದ್ದೆ ಬಾರದಿರುವುದು ಡಿಪ್ರೆಷನ್‌ನ ಗುರುತು. ನೈಟ್ ಡ್ಯೂಟಿಯವರು ಬರೆಯದಿದ್ದರೆ ಹಗಲು ಬರುವ ಡಾಕ್ಟರಿಗೆ ಹೇಗೆ ಗೊತ್ತಾಗಬೇಕು?

ಇಲ್ಲದ ಧ್ವನಿ ಕೇಳಿಸುತ್ತದೆ ಅನ್ನುವವರ ಜೊತೆ ವಾದಕ್ಕಿಳಿಯಬೇಡ. ಹೂಂಗುಟ್ಟಲೂ ಬೇಡ. "ನನಗೆ ಕೇಳಿಸ್ತಿಲ್ಲ. ಆದ್ರೆ ನಿಮಗೆ ಕೇಳಿಸ್ತಿದೆ, ಅದರಿಂದ ಭಯ ಆಗ್ತಿದೆ ಅಂತ ಗೊತ್ತಾಗ್ತಿದೆ" ಅನ್ನು. ಅಷ್ಟು ಹೇಳಿ ಬಿಡುವ ಹಾಗೂ ಇಲ್ಲ. ಆ ಧ್ವನಿ ಏನು ಹೇಳುತ್ತಿದೆ ಅಂತ ಕೇಳಲೇಬೇಕು. ಸಾಯಿ ಅನ್ನುತ್ತಿದೆಯಾ, ಯಾರನ್ನಾದರೂ ಹೊಡಿ ಅನ್ನುತ್ತಿದೆಯಾ? ಹಾಗಿದ್ದರೆ ಆ ಕ್ಷಣವೇ ಡಾಕ್ಟರಿಗೆ ತಿಳಿಸಬೇಕು. ಅನ್ನಕ್ಕೆ ವಿಷ ಹಾಕಿದ್ದಾರೆ ಅಂತ ಊಟ ಬಿಟ್ಟವರಿಗೆ ತಟ್ಟೆಯ ಅನ್ನ ನಂಬಿಸಲು ಹೋಗಬೇಡ. ಸಿಪ್ಪೆ ಸುಲಿಯದ ಬಾಳೆಹಣ್ಣು, ಒಡೆಯದ ಬೇಯಿಸಿದ ಮೊಟ್ಟೆ ಕೊಡು. ಅವರ ಕೈಯಲ್ಲೇ ಸುಲಿದುಕೊಳ್ಳಲಿ.

ಈಗ ಒಂದು ತಪ್ಪಿನ ಕತೆ. ನನ್ನದೇ. ಕೆಲಸಕ್ಕೆ ಸೇರಿ ಆರೇಳು ವರ್ಷವಾಗಿತ್ತು, ಎಲ್ಲಾ ಗೊತ್ತು ಅನ್ನೋ ಜಂಬ ಬಂದಿತ್ತು. ಡಿಪ್ರೆಷನ್ ಅಂತ ಸೇರಿದ್ದ ಒಬ್ಬ ಮೇಷ್ಟ್ರು ಎರಡು ವಾರ ತಲೆ ಎತ್ತಿರಲಿಲ್ಲ. ಒಂದು ಬೆಳಿಗ್ಗೆ ನೋಡಿದರೆ ಕ್ಷೌರ ಮಾಡಿಸಿಕೊಂಡು ನಗುತ್ತ ಕೂತಿದ್ದಾರೆ. ಪಕ್ಕದ ಹಾಸಿಗೆಯ ಹುಡುಗನಿಗೆ ತಮ್ಮ ಪೆನ್ನು ಕೊಟ್ಟರು, ಇನ್ನೊಬ್ಬರಿಗೆ ಸ್ವೆಟರ್ ಕೊಟ್ಟರು. ನನಗೆ ಖುಷಿಯೋ ಖುಷಿ. "ಗೆಲುವಾಗಿದ್ದಾರೆ" ಅಂತ ನೋಟ್ಸ್ ಬರೆದು ಮುಗಿಸಿದೆ. ಕಸ ಗುಡಿಸುತ್ತಿದ್ದ ಆಯಮ್ಮ ಬಂದು ಮೆಲ್ಲಗೆ, "ಸಿಸ್ಟ್ರೇ, ಆ ಮೇಷ್ಟ್ರು ಮನೆ ಖಾಲಿ ಮಾಡೋರ ಥರ ಎಲ್ಲಾ ಹಂಚ್ತಾವ್ರೆ" ಅಂದಳು. ನನ್ನ ಕೈಕಾಲು ತಣ್ಣಗಾಯಿತು. ಡಾಕ್ಟರು ಹೋಗಿ ಕೇಳಿದಾಗ ಮೇಷ್ಟ್ರು ಮುಚ್ಚಿಡಲಿಲ್ಲ. ಆ ರಾತ್ರಿಗೆ ತೀರ್ಮಾನ ಮಾಡಿಕೊಂಡಿದ್ದರು. ಅದಕ್ಕೇ ಮನಸ್ಸು ಹಗುರವಾಗಿತ್ತು. ಬದುಕಿದರು, ಒಂದೂವರೆ ತಿಂಗಳಿಗೆ ಮನೆಗೂ ಹೋದರು. ಉಳಿಸಿದ್ದು ಆಯಮ್ಮ, ನಾನಲ್ಲ.

ಡಿಪ್ರೆಷನ್ ಮಾತ್ರೆ ಪೂರ್ತಿ ಹಿಡಿಯಲು ಕೆಲವು ವಾರ ಬೇಕು. ಮನಸ್ಸು ತಿಳಿಯಾಗುವ ಮೊದಲೇ ಮೈಗೆ ಶಕ್ತಿ ಬರುವುದುಂಟು. ಏಳಲೂ ಆಗದಿದ್ದವರಿಗೆ ಯೋಚಿಸಿದ್ದನ್ನು ಮಾಡುವಷ್ಟು ತ್ರಾಣ ಬರುತ್ತದೆ. ಆ ವಾರಗಳಲ್ಲಿ ಕಣ್ಣು ಎರಡು ಪಟ್ಟು ತೆರೆದಿರಲಿ. ಹದಿನೈದು ನಿಮಿಷಕ್ಕೊಮ್ಮೆ ನೋಡು ಅಂದರೆ ಗಡಿಯಾರ ಹಿಡಿದು ಹೋಗಬೇಡ, ಅವರಿಗೆ ಲೆಕ್ಕ ಸಿಕ್ಕಿಬಿಡುತ್ತದೆ. ಒಮ್ಮೆ ಹತ್ತಕ್ಕೆ, ಒಮ್ಮೆ ಏಳಕ್ಕೆ ಹೋಗು. ಡ್ಯೂಟಿ ಬದಲಾಗುವಾಗ ಎಲ್ಲರೂ ಟೇಬಲ್ ಸುತ್ತ ನಿಂತು ಹ್ಯಾಂಡ್‌ಓವರ್ ಮಾಡುತ್ತಾರೆ, ವಾರ್ಡಿನ ಕಡೆ ಬೆನ್ನು. ಆ ಹೊತ್ತಿನಲ್ಲಿ ಒಬ್ಬರು ವಾರ್ಡಿನೊಳಗೆ ಇರಲೇಬೇಕು.

ಕೇಳಲು ಹೆದರಬೇಡ. "ಸಾಯಬೇಕು ಅಂತ ಯೋಚನೆ ಬರ್ತಿದೆಯಾ?" ಅಂತ ನೇರವಾಗಿ ಕೇಳು. ಕೇಳಿದರೆ ಇಲ್ಲದ ಯೋಚನೆ ಹುಟ್ಟುತ್ತದೆ ಅನ್ನುವುದು ಸುಳ್ಳು. ಎಷ್ಟೋ ಜನ ಯಾರಾದರೂ ಕೇಳಲಿ ಅಂತಲೇ ಕಾಯುತ್ತಿರುತ್ತಾರೆ. "ಯಾರಿಗೂ ಹೇಳಲ್ಲ ಅಂತ ಮಾತು ಕೊಡಿ ಸಿಸ್ಟರ್" ಅಂದರೆ ಮಾತ್ರ ಕೊಡಬೇಡ. ಜೀವದ ವಿಷಯವಾದರೆ ಡಾಕ್ಟರಿಗೆ ಹೇಳಲೇಬೇಕಾಗುತ್ತದೆ ಅಂತ ಮೊದಲೇ ತಿಳಿಸು.

ಮಾತ್ರೆ ಕೊಡುವುದನ್ನು ಹಗುರ ಮಾಡಬೇಡ. ನುಂಗಿದ ಮೇಲೆ ನಾಲಿಗೆ ಕೆಳಗೆ, ಕೆನ್ನೆಯೊಳಗೆ ನೋಡಬೇಕು. ಪೊಲೀಸರ ಥರ ಅಲ್ಲ, ಎರಡು ಗುಟುಕು ನೀರು ಕೊಟ್ಟು, ಮಾತಾಡಿಸಿ. ಭ್ರಮೆಗೆ ಕೊಡುವ ಹಾಲೋಪೆರಿಡಾಲ್ ಇಂಜೆಕ್ಷನ್ ಆದ ಒಬ್ಬ ಹುಡುಗನಿಗೆ ಕತ್ತು ಒಂದು ಕಡೆ ತಿರುಚಿಕೊಂಡು ಕಣ್ಣುಗುಡ್ಡೆ ಮೇಲೆ ಹೋಗಿತ್ತು. ವಾರ್ಡಿನಲ್ಲಿ ಒಬ್ಬರು "ನಾಟಕ" ಅಂದರು, ಅವನ ಅಜ್ಜಿ "ಗಾಳಿ" ಅಂದಳು. ಎರಡೂ ಅಲ್ಲ, ಔಷಧಿಯ ಅಡ್ಡ ಪರಿಣಾಮ. ಡಿಸ್ಟೋನಿಯಾ ಅಂತ ಪುಸ್ತಕದಲ್ಲಿ ಓದಿರುತ್ತೀಯ. ಫೆನರ್ಗಾನ್ ಕೊಟ್ಟು ಅರ್ಧ ಗಂಟೆಯೊಳಗೆ ಕತ್ತು ನೆಟ್ಟಗಾಯಿತು. ಇದೇ ಗುಂಪಿನ ಔಷಧಿ ತಗೊಳ್ಳುವವರಿಗೆ ಜೋರು ಜ್ವರ ಬಂದು ಮೈ ಮರದ ಹಾಗೆ ಸೆಟೆದುಕೊಂಡರೆ ಅದು ಬೇರೆಯದೇ, ಜೀವಕ್ಕೆ ಅಪಾಯ. ಮುಂದಿನ ಡೋಸ್ ಕೊಡದೆ ಡಾಕ್ಟರನ್ನು ಕರೆ. ಮನಸ್ಸಿನ ಅತಿ ಏರಿಳಿತಕ್ಕೆ ಲಿಥಿಯಂ ಮಾತ್ರೆ ತಗೊಳ್ಳುವವರಿಗೆ ಬಳ್ಳಾರಿ ಬಿಸಿಲಿನಲ್ಲಿ ನೀರು, ಉಪ್ಪು ಕಡಿಮೆಯಾಗದ ಹಾಗೆ ನೋಡಿಕೋ. ವಾಂತಿ, ಭೇದಿ, ಕೈ ನಡುಕ ಜಾಸ್ತಿಯಾಯಿತು ಅಂದರೆ ರಕ್ತದಲ್ಲಿ ಅದು ಏರಿರಬಹುದು. ಆ ಪರೀಕ್ಷೆಗೆ ರಕ್ತ ತೆಗೆಯುವುದು ಕೊನೆಯ ಡೋಸ್ ಆಗಿ 12 ಗಂಟೆಗೆ. ಬೆಳಗಿನ ಮಾತ್ರೆ ನುಂಗಿಸಿ ಆಮೇಲೆ ರಕ್ತ ತೆಗೆದರೆ ಲೆಕ್ಕ ತಪ್ಪುತ್ತದೆ.

ಕರೆಂಟ್ ಕೊಡುವುದು ಅಂತಾರಲ್ಲ, ಇಸಿಟಿ, ಅದನ್ನೂ ನೋಡುತ್ತೀಯ. ಸಿನಿಮಾದಲ್ಲಿ ತೋರಿಸುವ ಹಾಗೆ ಇರುವುದಿಲ್ಲ. ಅರಿವಳಿಕೆ, ಸ್ನಾಯು ಸಡಿಲಿಸುವ ಔಷಧಿ ಇಲ್ಲದೆ ಕೊಡುವ ಹಾಗೇ ಇಲ್ಲ, ಕಾನೂನಿನಲ್ಲೇ ನಿಷೇಧ. ಖಾಲಿ ಹೊಟ್ಟೆ, ಕಟ್ಟಿದ ಹಲ್ಲು ತೆಗೆಸುವುದು, ಮೂತ್ರಕ್ಕೆ ಕಳಿಸುವುದು ಎಲ್ಲಾ ನಿನಗೆ ಕಲಿಸುತ್ತಾರೆ. ಎಚ್ಚರವಾದಾಗ ಅವರಿಗೆ ಎಲ್ಲಿದ್ದೀವಿ ಅನ್ನುವುದೇ ಗೊತ್ತಾಗುವುದಿಲ್ಲ. ಆಗ ಗುರುತಿನ ಮುಖ ಎದುರಿಗಿರಲಿ.

"ಹೊಡೀತಾರಾ?" ಅಂತ ನೀನು ಕೇಳಲಿಲ್ಲ, ನಿಮ್ಮಮ್ಮ ಕೇಳಿದಳು. ಹೆಚ್ಚಿನವರು ಹೊಡೆಯುವುದಿಲ್ಲ, ಅವರೇ ಹೆದರಿರುತ್ತಾರೆ. ಹೊಡೆಯುವವರಿಗೂ ಮುನ್ಸೂಚನೆ ಇರುತ್ತದೆ. ಅತ್ತಿಂದಿತ್ತ ಓಡಾಟ, ಬಿಗಿದ ಮುಷ್ಟಿ, ಏರುವ ದನಿ. ಎದುರಿಗೆ ನಿಲ್ಲಬೇಡ, ಪಕ್ಕಕ್ಕೆ ಎರಡು ತೋಳು ದೂರ ನಿಲ್ಲು. ಬಾಗಿಲು ನಿನ್ನ ಹಿಂದಿರಲಿ, ಅವರ ದಾರಿಗೂ ಅಡ್ಡವಾಗಬೇಡ. ದನಿ ತಗ್ಗಿಸು. ಜನ ಬೇಕು ಅನ್ನಿಸಿದರೆ ಬೇಗ ಕರೆ, ನಾಚಿಕೆ ಬೇಡ.

ಕಟ್ಟುವ ವಿಷಯ ಬರೆಯಲು ನನಗೆ ಕಷ್ಟ. ನಾವು ಕಟ್ಟಿದ್ದೇವೆ ಪುಟ್ಟಿ. ನಾನೂ ಕಟ್ಟಿದ್ದೇನೆ. ರಾತ್ರಿ ಅರವತ್ತು ಜನಕ್ಕೆ ಇಬ್ಬರೇ ಇರುತ್ತಿದ್ದೆವು, ಬಟ್ಟೆಯ ಪಟ್ಟಿ ತಗೊಂಡು ಮಂಚಕ್ಕೆ ಕಟ್ಟಿ ಬೇರೆ ಕಡೆ ಓಡುತ್ತಿದ್ದೆವು. 2001ರ ಆಗಸ್ಟ್‌ನಲ್ಲಿ ತಮಿಳುನಾಡಿನ ಏರ್ವಾಡಿಯಲ್ಲಿ ಸರಪಳಿ ಹಾಕಿಟ್ಟಿದ್ದ ರೋಗಿಗಳು ಬೆಂಕಿಯಲ್ಲಿ ಸತ್ತರು, 28 ಜನ. ಪೇಪರ್ ಓದಿದ ದಿನ ಡ್ಯೂಟಿಗೆ ಹೋಗಿ ಆ ಪಟ್ಟಿಗಳನ್ನು ಮುಟ್ಟಲಾಗಲಿಲ್ಲ. ನಾನು ನಿವೃತ್ತಿಯಾದ ವರ್ಷ, 2017ರಲ್ಲಿ, ಹೊಸ ಮಾನಸಿಕ ಆರೋಗ್ಯ ಕಾಯ್ದೆ ಬಂತು. ಸರಪಳಿ ಇಲ್ಲ, ಒಂಟಿ ಕೋಣೆಗೆ ಕೂಡಿಹಾಕುವುದಿಲ್ಲ, ಬಲವಂತವಾಗಿ ತಲೆ ಬೋಳಿಸುವುದಿಲ್ಲ. ತಕ್ಷಣದ ಅಪಾಯ ತಪ್ಪಿಸಲು ಬೇರೆ ದಾರಿಯೇ ಇಲ್ಲದಾಗ ಮಾತ್ರ ಕಟ್ಟಬಹುದು. ಅದಕ್ಕೆ ಮನೋವೈದ್ಯರ ಒಪ್ಪಿಗೆ ಬೇಕು, ಬರೆದಿಡಬೇಕು, ರೋಗಿ ಹೆಸರಿಸಿದ ಪ್ರತಿನಿಧಿಗೆ 24 ಗಂಟೆಯೊಳಗೆ ತಿಳಿಸಬೇಕು. ಶಿಕ್ಷೆ ಅಂತ ಕಟ್ಟುವ ಹಾಗಿಲ್ಲ. ಸಿಬ್ಬಂದಿ ಕಡಿಮೆ ಅನ್ನುವ ಕಾರಣಕ್ಕೂ ಕಟ್ಟುವ ಹಾಗಿಲ್ಲ ಅಂತ ಬರೆದಿದೆ. ಅದನ್ನು ಓದಿ ಸುಮಾರು ಹೊತ್ತು ಕೂತಿದ್ದೆ.

ಮನೆಯವರ ಜೊತೆ ಮಾತಾಡು. ಹರಕೆ, ತಾಯತ, ದರ್ಗಾ ಅಂತ ಸುತ್ತಿ ಸುಸ್ತಾಗಿ ಬಂದಿರುತ್ತಾರೆ. ನಗಬೇಡ. "ದೇವರಿಗೂ ಹೋಗಿ, ಮಾತ್ರೆನೂ ಬಿಡಬೇಡಿ" ಅನ್ನು. ಮಾತ್ರೆ ಬಿಟ್ಟು ಮರಳಿ ಬರುವವರೇ ಜಾಸ್ತಿ.

ಈ ಕೆಲಸ ಆ ವಾರ್ಡಿಗೇ ಮುಗಿಯುವುದಿಲ್ಲ. ಮುಂದೆ ನೀನು ಆರ್ಥೋದಲ್ಲಿದ್ದಾಗ ಕಾಲು ಮುರಿದು ಸೇರಿದ ಗಂಡಸು ಮೂರನೇ ದಿನ ಬೆವರಿ ನಡುಗುತ್ತ ಗೋಡೆ ಮೇಲೆ ಇರುವೆ ಹರಿಯುತ್ತಿದೆ ಅಂದರೆ, ಕುಡಿತ ನಿಂತದ್ದರ ಪೆಟ್ಟು ಅಂತ ಹೊಳೆಯಬೇಕು. ಗ್ಲೂಕೋಸ್ ಏರಿಸುವ ಮೊದಲು ಥಯಾಮಿನ್, ಅಂದರೆ ಬಿ1 ವಿಟಮಿನ್, ಕೊಟ್ಟಿದ್ದಾರಾ ಅಂತ ಕೇಳಬೇಕು.

ಅಂದಹಾಗೆ, ನಿಮ್ಮಮ್ಮ ಬಳ್ಳಾರಿ ಅಂದರೆ ಬಿಸಿಲು, ಗಣಿ ಅಷ್ಟೇ ಅಂದುಕೊಂಡಿದ್ದಾಳೆ. 1980ರ ದಶಕದಲ್ಲಿ ನಿಮ್ಹಾನ್ಸ್‌ನವರು ಅದೇ ಜಿಲ್ಲೆಯ ಹಳ್ಳಿ ಆಸ್ಪತ್ರೆಗಳ ಡಾಕ್ಟರಿಗೆ, ಆರೋಗ್ಯ ಕಾರ್ಯಕರ್ತರಿಗೆ ಕಲಿಸಿ, ಮನಸ್ಸಿನ ಕಾಯಿಲೆಗೆ ಊರ ಹತ್ತಿರವೇ ಔಷಧಿ ಸಿಗುವ ಹಾಗೆ ಮಾಡಿದರು. 1996ರಲ್ಲಿ ದೇಶದಲ್ಲಿ ಶುರುವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಬಳ್ಳಾರಿಯೇ ಮಾದರಿ.

ಕೆಲವು ರಾತ್ರಿ ಅವರ ಕತೆ ನಿನ್ನ ಜೊತೆ ಹಾಸ್ಟೆಲ್‌ಗೆ ಬರುತ್ತದೆ. ಗೆಳತಿಯರಿಗೆ ಹೇಳುವ ಹಾಗಿಲ್ಲ, ಅದು ರೋಗಿಯ ಸ್ವತ್ತು. ನಿನ್ನ ಟೀಚರಿಗೆ ಹೇಳು. ತೀರಾ ಭಾರ ಅನ್ನಿಸಿದರೆ ಸರ್ಕಾರದ ಸಹಾಯವಾಣಿ ಟೆಲಿ ಮಾನಸ್ ಇದೆ, 14416, ಕನ್ನಡದಲ್ಲೇ ಮಾತಾಡಬಹುದು, ರಾತ್ರಿಯೂ ಎತ್ತುತ್ತಾರೆ. ನರ್ಸಿಂಗ್ ಓದುವವರು ಅದಕ್ಕೆ ಫೋನ್ ಮಾಡಬಾರದು ಅಂತ ಏನಿಲ್ಲ.

ಕತ್ತಿನ ಸರ, ಜೋತಾಡುವ ಓಲೆ ಹಾಸ್ಟೆಲ್‌ನಲ್ಲೇ ಬಿಟ್ಟು ಹೋಗು. ನಿನ್ನ ಫೋನ್ ನಂಬರ್ ಯಾವ ರೋಗಿಗೂ ಕೊಡಬೇಡ, ಎಷ್ಟೇ ಪಾಪ ಅನ್ನಿಸಲಿ. ಹುರಿಹಿಟ್ಟು, ಕೋಡುಬಳೆ ಪಾರ್ಸೆಲ್ ಮಾಡಿದ್ದೇನೆ. ಬಂದ ತಕ್ಷಣ ಡಬ್ಬಿಗೆ ಹಾಕಿಡು, ಇಲ್ಲಿಯ ಮಳೆಗೆ ಆಗಲೇ ಮೆತ್ತಗಾಗಿವೆ.

ಸೋಮವಾರ ಡ್ಯೂಟಿ ಮುಗಿದ ಮೇಲೆ ನಿಮ್ಮಮ್ಮನಿಗೆ ನೀನೇ ಫೋನ್ ಮಾಡು. ನಾನು ಮಾಡಿದರೆ ಜಗಳ ಆಗುತ್ತದೆ.

ಇಂತಿ ನಿನ್ನ
ದೊಡ್ಡಮ್ಮ