ಸ್ತನ ಕ್ಯಾನ್ಸರ್ ಆಪರೇಷನ್ ಆದವರಿಗೆ ಊರಲ್ಲೇ ಫಿಸಿಯೋಥೆರಪಿ ನೆರವು ಸಿಗಲಿ

ಮಾನ್ಯರೇ,

ಮಳವಳ್ಳಿ ತಾಲ್ಲೂಕಿನ ಹಳ್ಳಿಯೊಂದರಲ್ಲಿ ಬಟ್ಟೆ ಹೊಲಿದು ಜೀವನ ಮಾಡುವವಳು ನಾನು. ಹೋದ ವರ್ಷ ಬಲಗಡೆಯ ಸ್ತನ ಕ್ಯಾನ್ಸರ್‌ಗೆ ಆಪರೇಷನ್ ಆಯಿತು, ಕಂಕುಳಿನ ಗಂಟುಗಳನ್ನೂ (ದುಗ್ಧರಸ ಗ್ರಂಥಿಗಳನ್ನು) ತೆಗೆದರು. ಡಿಸ್‌ಚಾರ್ಜ್ ದಿನ ಕೈಗೆ ಕೊಟ್ಟ ವ್ಯಾಯಾಮದ ಹಾಳೆ ಪೂರ್ತಿ ಇಂಗ್ಲಿಷಿನಲ್ಲಿತ್ತು, ಬಿಡಿಸಿ ಹೇಳುವವರಿರಲಿಲ್ಲ. ಮನೆಗೆ ಬಂದ ಮೇಲೆ ಭುಜ ಬಿಗಿಯುತ್ತಾ ಹೋಯಿತು. ಜಡೆ ಹೆಣೆಯಲು, ಬ್ಲೌಸಿನ ಹುಕ್ ಹಾಕಿಕೊಳ್ಳಲು ಆಗದಾಯಿತು. ಕೈ ಎತ್ತಿದರೆ ಕಂಕುಳಿಂದ ಮೊಣಕೈವರೆಗೆ ಚರ್ಮದಡಿ ದಾರ ಜಗ್ಗಿದಂತೆ ಎಳೆಯುತ್ತಿತ್ತು.

ಮೈಸೂರಿಗೆ ಹೋಗಿಬಂದರೆ ದಿನದ ದುಡಿಮೆ ಹೋಯಿತು. ಕೀಮೋ ಆದ ವಾರದಲ್ಲಂತೂ ಬಸ್ಸಿನಲ್ಲಿ ಕೂರಲೂ ತ್ರಾಣವಿರುವುದಿಲ್ಲ. ಆಗ ನನ್ನನ್ನು ಉಳಿಸಿದ್ದು ತಂಗಿಗೆ ಪರಿಚಯವಿದ್ದ ಫಿಸಿಯೋಥೆರಪಿಸ್ಟ್ ಹೆಣ್ಣುಮಗಳ ವಿಡಿಯೊ ಕಾಲ್. ಗೋಡೆಗೆ ಎದುರಾಗಿ ನಿಲ್ಲಿಸಿ, ಬೆರಳುಗಳನ್ನು ಮೆಲ್ಲಗೆ ಮೇಲಕ್ಕೆ ಹತ್ತಿಸಿ, ಮುಟ್ಟಿದಲ್ಲಿ ಸೀಮೆಸುಣ್ಣದ ಗೆರೆ ಎಳೆಸಿದರು. ‘ಎಳೆತ ಬಂದರೆ ಪರವಾಗಿಲ್ಲ ಅಕ್ಕಾ, ಚುಚ್ಚುವ ನೋವು ಬಂದರೆ ನಿಲ್ಲಿಸಿಬಿಡಿ’ ಎನ್ನುತ್ತಿದ್ದರು. ನನ್ನ ಟೇಪಿನಲ್ಲೇ ಎರಡೂ ತೋಳುಗಳ ಸುತ್ತಳತೆ ಬರೆಸಿಕೊಳ್ಳುತ್ತಿದ್ದರು. ಗಂಟು ತೆಗೆದ ಕಡೆ ದುಗ್ಧರಸ (ಲಿಂಫ್ ಎಂಬ ಮೈಯೊಳಗಿನ ತಿಳಿ ದ್ರವ) ಸರಾಗವಾಗಿ ಹರಿಯದೆ ಕೈ ಬಾತುಕೊಳ್ಳಬಹುದು, ಅದು ವರ್ಷಗಳ ನಂತರವೂ ಬರಬಹುದು. ಎರಡು ಕೈಗಳ ಸುತ್ತಳತೆಯ ನಡುವೆ 2 ಸೆಂ.ಮೀ. ವ್ಯತ್ಯಾಸ ಕಂಡರೆ ತೋರಿಸಲೇಬೇಕು. ಕೈ ಕೆಂಪಾಗಿ ಬಿಸಿಯಾಗಿ ಜ್ವರ ಬಂದರೆ ಫೋನ್ ಸಾಲದು, ಕೂಡಲೇ ಆಸ್ಪತ್ರೆಗೆ ಹೋಗಬೇಕು. ಇದನ್ನೆಲ್ಲ ನಾನು ತಿಳಿದದ್ದು ಅವರಿಂದಲೇ. ಈಗ ಮತ್ತೆ ಕತ್ತರಿ ಹಿಡಿದಿದ್ದೇನೆ.

ಪರಿಚಯದವರಿಲ್ಲದ ಹೆಂಗಸರ ಗತಿ ಏನು? ಇ-ಸಂಜೀವಿನಿಯಲ್ಲಿ ದೂರದ ಡಾಕ್ಟರೊಂದಿಗೆ ಮಾತನಾಡುವ ವ್ಯವಸ್ಥೆ ಸರ್ಕಾರಿ ಆರೋಗ್ಯ ಕೇಂದ್ರಗಳಿಗೆ ಬಂದಿದೆ. ಮನಸ್ಸಿನ ತೊಂದರೆಗೆ 2022ರಿಂದ ಟೆಲಿ ಮಾನಸ್ ಸಹಾಯವಾಣಿ 14416 ಇದೆ. ಅದೇ ದಾರಿಯಲ್ಲಿ ಜಿಲ್ಲಾ ಆರೋಗ್ಯ ಇಲಾಖೆಯವರು ವಾರದಲ್ಲೊಂದು ದಿನ ಮಹಿಳಾ ಫಿಸಿಯೋಥೆರಪಿಸ್ಟ್ ಒಬ್ಬರನ್ನು ವಿಡಿಯೊ ಕಾಲ್‌ಗೆ ಕೂರಿಸಲಿ. ಮೊದಲ ತಪಾಸಣೆ ಎದುರಾಎದುರು ಆಗಲಿ, ಮುಂದಿನದು ಫೋನಿನಲ್ಲಿ ನಡೆಯಲಿ. ಆರೋಗ್ಯ ಕೇಂದ್ರದಲ್ಲಿ ಬಾಗಿಲು ಹಾಕಿಕೊಳ್ಳುವ ಒಂದು ಕೋಣೆಯೂ ಬೇಕು. ಸ್ಮಾರ್ಟ್‌ಫೋನ್ ಇರುವುದು ಮಗನ ಕೈಯಲ್ಲಿ, ಮಾವನವರು ಓಡಾಡುವ ಮನೆಯಲ್ಲಿ ರವಿಕೆ ಸರಿಸಿ ಭುಜ ತೋರಿಸುವುದು ಹೇಗೆ?

ಆಸ್ಪತ್ರೆಗಳಲ್ಲಿ ಒಂದು ಕೋರಿಕೆ. ಆಪರೇಷನ್‌ಗೆ ಮುಂಚೆಯೇ ಎರಡೂ ತೋಳುಗಳ ಅಳತೆ ತೆಗೆದು, ಚಿತ್ರವಿರುವ ಕನ್ನಡದ ಹಾಳೆಯಲ್ಲಿ ಬರೆದು ಕೊಡಿ.

– ನೊಂದ ಓದುಗಿ, ಮಳವಳ್ಳಿ ತಾಲ್ಲೂಕು, ಮಂಡ್ಯ ಜಿಲ್ಲೆ